ಏಳನೇ ಕಾಲಂನಲ್ಲಿ ನಾನು ಬರೆದ ಉತ್ತರ

ಪ್ರಾಣಿಗಳ ರೋಗಾಣು ನಿಗಾ ಯೋಜನೆಯ ನಿರ್ದೇಶಕರಿಗೆ,

ಮಾನ್ಯರೇ,

ಈಗ ಸಂಜೆ ಆರೂ ಕಾಲು. ಇವತ್ತು ಪಶುರೋಗ ಪ್ರಯೋಗಾಲಯದ ನಮ್ಮ ಕೌಂಟರಿಗೆ ನಾಲ್ಕು ಮಾದರಿ ಬಂದವು, ಮೂರು ಕೋಳಿಯವು, ಒಂದು ಹಂದಿಯದು. ಬೆಳಗಿನ ಟಪಾಲಿನಲ್ಲಿ ತಮ್ಮ ವಾರ್ಷಿಕ ವರದಿ ಬಂತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಭಾವನವರ ಮನೆಗೆ ಹೋಗಿ, ಹನ್ನೊಂದು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿ ಬಂದೆ. ದಿನಚರಿಯಲ್ಲಾದರೆ ಇಷ್ಟು ಬರೆದು ಪುಸ್ತಕ ಮುಚ್ಚುತ್ತಿದ್ದೆ. ಇವತ್ತು ಮುಚ್ಚಲು ಆಗುತ್ತಿಲ್ಲ. ಅದಕ್ಕೆ ತಮಗೆ ಬರೆಯುತ್ತಿದ್ದೇನೆ, ಅದನ್ನೇ ಪತ್ರಿಕೆಗೂ ಕಳಿಸುತ್ತಿದ್ದೇನೆ. ಈ ಹಿಂದೆ ತಮಗೆ ಬರೆದ ಮೂರು ಪತ್ರಗಳು ಕಡತ ಸೇರಿ ಸುಖವಾಗಿವೆ. ನಾಲ್ಕನೆಯದು ನಾಲ್ಕು ಜನರ ಕಣ್ಣಿಗಾದರೂ ಬೀಳಲಿ.

ನನ್ನ ದೂರು ಒಂದೇ ವಾಕ್ಯದ ಮೇಲೆ. ತಮ್ಮ ವರದಿಯ ಮೂವತ್ತೊಂದನೇ ಪುಟದಲ್ಲಿ ಹೀಗಿದೆ: ‘ಯಾವುದೇ ಔಷಧ ಬಳಸದ ಹಿಂಡುಗಳಲ್ಲಿಯೂ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದಿರುವುದರಿಂದ, ಸಾಕಣೆದಾರರ ಔಷಧ ಬಳಕೆಗೂ ಈ ನಿರೋಧ ಶಕ್ತಿಗೂ ನೇರ ಸಂಬಂಧ ಸ್ಥಾಪಿತವಾಗಿರುವುದಿಲ್ಲ. ಆದ್ದರಿಂದ ಪುಡಿ ಔಷಧಗಳ ಮಾರಾಟದ ಮೇಲೆ ಸದ್ಯಕ್ಕೆ ಯಾವುದೇ ಕ್ರಮ ಅಗತ್ಯವಿಲ್ಲ.’ ಈ ವಾಕ್ಯ ಸುಳ್ಳು. ಅದು ತಾವು ಹೇಳಿದ ಸುಳ್ಳಲ್ಲ, ನಾನು ಹೇಳಿದ್ದು. ತಾವು ಅದಕ್ಕೆ ಹೊಳೆಯುವ ಕಾಗದ ಕೊಟ್ಟು ಮುಖಪುಟದಲ್ಲಿ ಒಂದು ಕೋಳಿಯ ಚಿತ್ರ ಹಾಕಿಸಿದ್ದೀರಿ. ಅಷ್ಟು ಆರೋಗ್ಯವಾದ ಕೋಳಿ ನಮ್ಮ ಕೌಂಟರಿಗೆ ಈವರೆಗೆ ಬಂದಿಲ್ಲ.

ನಾನು ಹತ್ತನೇ ತರಗತಿಯವರೆಗೆ ಓದಿದವಳು. ನಾಲ್ಕು ವರ್ಷದಿಂದ ಮಾದರಿ ಸ್ವೀಕರಿಸುವ ಕೌಂಟರಿನಲ್ಲಿದ್ದೇನೆ. ಗಾಜಿನ ಕಿಟಕಿ, ಅದರ ಕೆಳಗೊಂದು ತೂತು, ಒಂದು ತಕ್ಕಡಿ, ಐಸ್ ಡಬ್ಬಗಳನ್ನು ಇಡಲು ತಗಡಿನ ಮೇಜು. ಜನ ಹಿಕ್ಕೆ ಒರೆಸಿದ ಹತ್ತಿ ಕಡ್ಡಿಗಳನ್ನು ಕೊಳವೆಯಲ್ಲಿ ಹಾಕಿ ತರುತ್ತಾರೆ. ನಾನು ಫಾರಂ ತುಂಬಿ, ನಂಬರು ಅಂಟಿಸಿ ಒಳಗೆ ಕೊಡುತ್ತೇನೆ. ಒಳಗೆ ಅದರಿಂದ ರೋಗಾಣು ಬೆಳೆಸುತ್ತಾರೆ. ಬೆಳೆದದ್ದನ್ನು ಯಂತ್ರದ ಕೋಣೆಗೆ ಒಯ್ಯುತ್ತಾರೆ. ಅಲ್ಲಿ ಆ ರೋಗಾಣುವಿನ ಜೀನೋಮನ್ನು, ಅಂದರೆ ಅದರ ಗುಣಗಳೆಲ್ಲ ಬರೆದಿರುವ ಅಕ್ಷರಗಳ ಸರವನ್ನು, ಒಂದಕ್ಷರ ಬಿಡದೆ ಓದುತ್ತಾರೆ. ಯಾವ ಔಷಧಕ್ಕೆ ಅದು ಬಗ್ಗುವುದಿಲ್ಲ, ಆ ಗುಣ ಅದಕ್ಕೆ ಯಾವ ದಾರಿಯಿಂದ ಬಂದಿರಬಹುದು ಎಂದು ಹೇಳುತ್ತಾರೆ. ಆ ಯಂತ್ರ ಬಂದ ದಿನ ತಾವೇ ಬಂದು ರಿಬ್ಬನ್ ಕತ್ತರಿಸಿದ್ದಿರಿ. ನಾನು ಕತ್ತರಿಯ ತಟ್ಟೆ ಹಿಡಿದು ನಿಂತಿದ್ದೆ. ತಮಗೆ ನೆನಪಿರಲಾರದು.

ಫಾರಂನ ಏಳನೇ ಕಾಲಂ: ‘ಕಳೆದ ಹದಿನಾಲ್ಕು ದಿನಗಳಲ್ಲಿ ನೀಡಿದ ಔಷಧ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಮ್ಮ ನಿಯಮ: ಔಷಧ ನೀಡಿದ್ದಲ್ಲಿ ಮಾದರಿ ಅನರ್ಹ. ಔಷಧ ತಿಂದ ಕೋಳಿಯ ಮಾದರಿಯಲ್ಲಿ ಕೆಲವೊಮ್ಮೆ ಏನೂ ಬೆಳೆಯುವುದಿಲ್ಲ, ಸಾಮಗ್ರಿ ವ್ಯರ್ಥವಾಗುತ್ತದೆ ಎಂಬುದು ಕಾರಣವಂತೆ. ಇನ್ನೊಂದು ನಿಯಮವೂ ಇದೆ: ತಿಂಗಳಿಗೆ ಅರವತ್ತು ಮಾದರಿ ಕಡ್ಡಾಯ, ಕಡಿಮೆಯಾದರೆ ಪ್ರಯೋಗಾಲಯ ಲಿಖಿತ ವಿವರಣೆ ಕೊಡಬೇಕು. ಈ ಎರಡು ನಿಯಮಗಳನ್ನು ಬೇರೆ ಬೇರೆ ಮೇಜಿನಲ್ಲಿ ಕುಳಿತ ಇಬ್ಬರು ಬರೆದಿರಬೇಕು. ಎರಡೂ ಬಂದು ಕೂಡಿಕೊಂಡದ್ದು ನನ್ನ ಮೇಜಿನ ಮೇಲೆ.

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಪಕ್ಕದಲ್ಲಿ ಕುಳಿತಿದ್ದವರು, ಆಗ ನಿವೃತ್ತಿಗೆ ಎರಡು ವಾರ ಉಳಿದಿದ್ದ ಹಿರಿಯ ಗುಮಾಸ್ತರು. ಮೇಜು ಅದುರುವಂತೆ ಮೊಹರು ಒತ್ತುತ್ತಿದ್ದರಿಂದ ಅವರನ್ನು ಎಲ್ಲರೂ ಮೊಹರು ಮಾಮ ಎನ್ನುತ್ತಿದ್ದರು. ಅವತ್ತು ಒಬ್ಬ ಮುದುಕ ಎರಡು ಬಸ್ಸು ಬದಲಾಯಿಸಿ ಐಸ್ ಡಬ್ಬ ಹೊತ್ತು ತಂದಿದ್ದ. ನಾನು ಏಳನೇ ಕಾಲಂ ಕೇಳಿದೆ. ಆತ, “ಪುಡಿ ಕೊಡ್ತಾ ಇದೀನಮ್ಮ, ಒಂದು ವಾರದಿಂದ” ಎಂದ. ನಾನು ಅದನ್ನೇ ಬರೆಯಹೊರಟೆ. ಮೊಹರು ಮಾಮ ನನ್ನ ಕೈ ಹಿಡಿದರು.

“ಏನಮ್ಮಾ, ತಾತನ್ನ ವಾಪಸ್ ಕಳಿಸ್ತೀಯಾ?”

“ಅವರೇ ಕೊಟ್ಟೆ ಅಂದ್ರಲ್ಲ ಸರ್.”

“ಅವನು ಹೇಳ್ದ, ನೀನು ಕೇಳ್ದೆ. ಬರೀ ಅಂತ ಯಾರು ಅಂದ್ರು? ಇಲ್ಲ ಅಂತ ಹಾಕು. ಇಲ್ಲಿ ಬರೋರಲ್ಲಿ ಪುಡಿ ಕೊಡದೇ ಇರೋರನ್ನ ಹುಡುಕ್ತಾ ಕೂತ್ರೆ ತಿಂಗಳಿಗೆ ಆರು ಮಾದರೀನೂ ಸಿಗಲ್ಲ. ಏಳನೇ ಕಾಲಂ ಇರೋದು ಕೇಳೋಕಲ್ಲ, ತುಂಬೋಕೆ.”

ಮುದುಕ ನನಗೆ ಕೈ ಮುಗಿದು ಹೋದ. ಮೊದಲ ದಿನವೇ ಒಬ್ಬರಿಗೆ ಉಪಕಾರ ಮಾಡಿದೆ ಎಂದು ದಿನಚರಿಯಲ್ಲಿ ಬರೆದುಕೊಂಡೆ. ಆ ಪುಟ ಈಗ ನನ್ನ ಮುಂದಿದೆ: ‘ಎರಡು ಬಸ್ಸಿನ ತಾತ, ನೂರೈವತ್ತು ಕೋಳಿ, ಬಿಳಿ ಪುಡಿ ಏಳು ದಿನ. ಖುಷಿಯಾಗಿ ಹೋದರು.’

ಅಲ್ಲಿಂದ ಇಲ್ಲಿಯವರೆಗೆ ಎರಡು ಸಾವಿರದ ಎಂಟುನೂರಕ್ಕೂ ಮೀರಿ ಫಾರಂ ತುಂಬಿದ್ದೇನೆ. ನಿನ್ನೆಯವರೆಗಿನ ಪ್ರತಿಯೊಂದರ ಏಳನೇ ಕಾಲಂನಲ್ಲೂ ಒಂದೇ ಉತ್ತರ ಇದೆ. ಮಾನ್ಯರೇ, ನಾನು ಅಪರಾಧಿ ಎಂಬುದನ್ನು ಮುಚ್ಚಿಡಲು ಈ ಪತ್ರ ಬರೆಯುತ್ತಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ನಾಲ್ಕು ವರ್ಷ, ಎರಡು ಸಾವಿರದ ಎಂಟುನೂರು ಹಿಂಡು, ಒಂದರಲ್ಲೂ ಒಂದು ಚಿಟಿಕೆ ಔಷಧವಿಲ್ಲ. ಇಷ್ಟು ಪವಾಡದ ಕೋಳಿಗಳು ಭೂಮಿಯ ಮೇಲೆ ಎಲ್ಲಿವೆ ಎಂದು ತಮ್ಮ ಕಚೇರಿಯಲ್ಲಿ ಯಾರಿಗೂ ಅನಿಸಲಿಲ್ಲವೇ? ಫಾರಂಗಳನ್ನು ಪರಿಶೀಲಿಸಿ ಸಹಿ ಮಾಡಲು ತಮ್ಮಲ್ಲಿ ಮೂವರಿದ್ದಾರೆ. ಆ ಮೂವರೂ ಮೂರು ಬಣ್ಣದ ಶಾಯಿಯಲ್ಲಿ ಸಹಿ ಮಾಡಿದ್ದಾರೆ. ಒಮ್ಮೆ ಒಂದು ಫಾರಂ ವಾಪಸು ಬಂದಿತ್ತು. ಹಿಂಡಿನ ಒಡೆಯನ ಪಿನ್‌ಕೋಡಿನಲ್ಲಿ ಒಂದು ಅಂಕಿ ತಪ್ಪಿತ್ತಂತೆ.

ಯಂತ್ರದ ಕೋಣೆಯ ಮೇಡಂ ನನ್ನಷ್ಟೇ ವಯಸ್ಸಿನವರು, ಆದರೆ ತುಂಬಾ ಓದಿದವರು. ನನ್ನ ಜೊತೆ ಚಹಾ ಕುಡಿಯುತ್ತಾರೆ. ಕೇಳಿದರೆ ಬೇಜಾರಿಲ್ಲದೆ ಹೇಳಿಕೊಡುತ್ತಾರೆ. ಒಂದು ಇ. ಕೊಲೈ ರೋಗಾಣುವಿನ ಒಳಗೆ ಸುಮಾರು ಐವತ್ತು ಲಕ್ಷ ಅಕ್ಷರ ಇರುತ್ತವಂತೆ. ಎರಡು ರೋಗಾಣುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಹತ್ತಿಪ್ಪತ್ತು ಅಕ್ಷರ ಮಾತ್ರ ಬೇರೆಯಾಗಿದ್ದರೆ ಅವು ಹತ್ತಿರದ ನೆಂಟರು, ಸಾವಿರಗಟ್ಟಲೆ ಬೇರೆಯಾಗಿದ್ದರೆ ದೂರದವು. ಎರಡು ವರ್ಷದ ಹಿಂದೆ ಒಂದು ದಿನ ಅವರು ಚಹಾ ಲೋಟ ಹಿಡಿದು ನನ್ನ ಕೋಣೆಗೆ ಬಂದರು.

“ನೋಡ್ರೀ, ತಲೆ ಕೆಟ್ಟು ಹೋಗಿದೆ. ಕೊಲಿಸ್ಟಿನ್ ಅಂತ ಒಂದು ಔಷಧ ಇದೆ. ಆಸ್ಪತ್ರೇಲಿ ಎಲ್ಲಾ ಸೋತ ಮೇಲೆ ಕೊನೇಲಿ ಕೊಡೋದು. ಅದಕ್ಕೆ ಬಗ್ಗದೇ ಇರೋ ಗುಣ ಈ ಹಿಂಡಲ್ಲಿ ಸಿಕ್ಕಿದೆ. ಆದ್ರೆ ಫಾರಂ ನೋಡಿದ್ರೆ ಯಾವ ಔಷಧಾನೂ ಕೊಟ್ಟಿಲ್ಲ! ಎಲ್ಲಿಂದ ಬಂತು? ನೀರಾ? ಇಲೀನಾ? ಮೇವಾ?”

ಅವರು ಹಿಡಿದಿದ್ದ ಹಾಳೆಯಲ್ಲಿನ ನಂಬರನ್ನು ನಾನು ಓದಿದೆ. ಅದು ನಾನೇ ಅಂಟಿಸಿದ್ದು. ನನ್ನ ಅಕ್ಕನ ಹಿಂಡು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನಗೆ ತಲೆ ಬಾಚಿದವಳು, ಸ್ಲೇಟು ಹಿಡಿಸಿದವಳು, ಮದುವೆ ಬೇಡ ಎಂದಾಗ ನನ್ನ ಪರವಾಗಿ ಜಗಳ ಆಡಿದವಳು. ಮನೆಯ ಹಿಂದೆ ಮುನ್ನೂರು ಮೊಟ್ಟೆ ಕೋಳಿಗಳ ಶೆಡ್ಡು ಇಟ್ಟುಕೊಂಡಿದ್ದಳು. ನಾನು ಮಾತು ಕಡಿಮೆ ಎಂದು ನನ್ನನ್ನು ಮೌನಿ ಎಂದು ಕರೆಯುತ್ತಿದ್ದಳು. ಕೋಳಿಗಳಿಗೆ ಭೇದಿ ಬಂದಾಗ ನಮ್ಮ ಕೌಂಟರಿಗೆ ಬರಲು ಹೇಳಿದವಳು ನಾನೇ. ಅವಳು ಗಾಜಿನ ತೂತಿಗೆ ಬಾಯಿ ಇಟ್ಟು ಮಾತಾಡಿದಳು.

“ಏನೇ ಮೌನೀ, ಈ ತೂತಲ್ಲಿ ನನ್ನ ಕೋಳಿ ಹಿಡ್ಸಲ್ಲ ಕಣೆ.”

“ಕೋಳಿ ಬೇಡ ಅಕ್ಕ, ಕಡ್ಡಿ ಕೊಡು ಸಾಕು. ಔಷಧ ಏನಾದ್ರೂ ಕೊಟ್ಟಿದ್ಯಾ?”

“ಕೊಡದೇ ಇರ್ತೀನಾ? ಫೀಡ್ ಅಂಗಡಿಯವನು ಕೊಟ್ಟ ಬಿಳಿ ಪುಡಿ. ಹತ್ತು ದಿನ ಆಯ್ತು ನೀರಿಗೆ ಹಾಕ್ತಾ. ಕೊಲಿ ಅಂತ ಏನೋ ಬರೆದಿದೆ ಪ್ಯಾಕೆಟ್ ಮೇಲೆ.”

ನಾನು ‘ಇಲ್ಲ’ ಎಂದು ಬರೆದೆ. ಅವಳು ಗಾಜಿನ ಆಚೆಯಿಂದ ತಲೆಕೆಳಗಾಗಿ ಓದಿಬಿಟ್ಟಳು.

“ಲೇ, ಕೊಟ್ಟೆ ಅಂದ್ನಲ್ಲೇ?”

“ಕೊಟ್ಟೆ ಅಂದ್ರೆ ತಗೊಳಲ್ಲ ಅಕ್ಕ. ಸುಮ್ನಿರು.”

“ತಗೊಳಲ್ವಾ? ಮತ್ತೆ ಸುಮ್ನೆ ಯಾಕೆ ಕೇಳ್ತೀರ? ನಮ್ಮನ್ನ ಸುಳ್ಳುಗಾರರು ಮಾಡೋಕಾ?” ಎಂದು ನಕ್ಕಳು. ಹಿಂದೆ ನಿಂತವರೂ ನಕ್ಕರು. ನಾನೂ ನಕ್ಕೆ.

ಈಗ ತಾವು ಕೇಳಬಹುದು, ಯಂತ್ರದ ಕೋಣೆಯ ಮೇಡಂ ಹಾಳೆ ಹಿಡಿದು ಬಂದಾಗ ನೀನೇಕೆ ನಿಜ ಹೇಳಲಿಲ್ಲ? ಈ ಪ್ರಶ್ನೆಯನ್ನು ನಾನು ತಮಗಿಂತ ಹೆಚ್ಚು ಸಲ ಕೇಳಿಕೊಂಡಿದ್ದೇನೆ. ಅಕ್ಕನ ಒಂದು ಫಾರಂ ಸುಳ್ಳೆಂದು ಹೇಳಿದರೆ ಉಳಿದದ್ದೆಲ್ಲವನ್ನೂ ಹೇಳಬೇಕಾಗುತ್ತಿತ್ತು. ಕೆಲಸ ಹೋಗುತ್ತಿತ್ತು. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಮೇಡಂ ಐದು ವಾರ ಬಾವಿ ನೀರು ತರಿಸಿ ನೋಡಿದರು, ಮೇವು ತರಿಸಿ ನೋಡಿದರು, ಇಲಿ ಹಿಡಿಸಿದರು. ಐವತ್ತು ಲಕ್ಷ ಅಕ್ಷರ ತಪ್ಪಿಲ್ಲದೆ ಓದುವ ಯಂತ್ರವನ್ನು ಎರಡಕ್ಷರದ ಒಂದು ಸುಳ್ಳು ಐದು ವಾರ ಅಲೆಸಿತು. ಕೊನೆಗೆ ಅವರು ‘ಮೂಲ ತಿಳಿದಿಲ್ಲ’ ಎಂದು ಬರೆದರು. ಆ ‘ತಿಳಿದಿಲ್ಲ’ಗಳು ಒಂದರ ಮೇಲೊಂದು ಸೇರಿ ತಮ್ಮ ಮೂವತ್ತೊಂದನೇ ಪುಟವಾಗಿವೆ.

ಅಕ್ಕನಿಗಾದರೂ ಗುಟ್ಟಾಗಿ ಹೇಳಬಹುದಿತ್ತು. ಆದರೆ ಫಲಿತಾಂಶವನ್ನು ಸಾಕಣೆದಾರರಿಗೆ ತಿಳಿಸುವಂತಿಲ್ಲ, ಅದು ಅಂಕಿಅಂಶದ ಉದ್ದೇಶಕ್ಕೆ ಮಾತ್ರ ಎಂಬ ತಮ್ಮ ಸುತ್ತೋಲೆ ಇದೆ. ಮಾದರಿ ಕೊಟ್ಟವರಿಗೆ ನಾವು ಒಂದು ರಸೀದಿ ಮಾತ್ರ ಕೊಡುತ್ತೇವೆ. ಅಕ್ಕ ಎರಡು ಸಲ ಕೇಳಿದಳು, “ಏನಾಯ್ತೇ ನನ್ನ ಕೋಳಿ ಪರೀಕ್ಷೆ? ಪಾಸಾ, ಫೇಲಾ?” ನಾನು, “ಬಂದಿಲ್ಲ ಅಕ್ಕ” ಎಂದೆ. ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿದ ನೌಕರರ ಪಟ್ಟಿ ಏನಾದರೂ ಮಾಡುವುದಿದ್ದರೆ ನನ್ನ ಹೆಸರು ಸೇರಿಸಿ.

ಕಳೆದ ವರ್ಷ ಅಕ್ಕನಿಗೆ ಜ್ವರ ಬಂತು. ಮೂತ್ರದ ಸೋಂಕು ಎಂದರು. ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಅದು ರಕ್ತಕ್ಕೆ ಸೇರಿದಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಒಂದು ಔಷಧ ಕೊಟ್ಟು ನೋಡಿದರು, ಇನ್ನೊಂದು ಕೊಟ್ಟು ನೋಡಿದರು. ಮೂರನೇ ದಿನ ವೈದ್ಯೆಯೊಬ್ಬರು ಹಾಸಿಗೆಯ ಹತ್ತಿರ ಬಂದು ಹಲಗೆಗೆ ಸಿಕ್ಕಿಸಿದ ಹಾಳೆ ನೋಡಿ ಕೇಳಿದರು.

“ಮನೇಲಿ ಪ್ರಾಣಿ ಸಾಕಿದೀರಾ?”

“ಕೋಳಿ” ಎಂದೆ ನಾನು.

“ಅವಕ್ಕೆ ಔಷಧ ಏನಾದ್ರೂ ಕೊಡ್ತೀರಾ?”

ಅವರ ಕೈಯಲ್ಲಿ ಪೆನ್ನು ಇತ್ತು. ಕೆಳಗೆ ಹಾಳೆ ಇತ್ತು. ನನ್ನ ಬಾಯಿ, “ಇಲ್ಲ” ಎಂದಿತು.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ದಿನಕ್ಕೆ ಎರಡು ಮೂರು ಸಲ, ವಾರಕ್ಕೆ ಆರು ದಿನ ಬರೆದೂ ಬರೆದೂ ಆ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರವೇ ಉಳಿದಿರಲಿಲ್ಲ. ಭಾವ ಹಾಸಿಗೆಯ ಆ ಕಡೆ ನಿಂತಿದ್ದರು. ನನ್ನನ್ನು ಒಮ್ಮೆ ನೋಡಿದರು. ವೈದ್ಯೆ ಬರೆದುಕೊಂಡು ಹೋದರು. ಸಂಜೆ ನರ್ಸಮ್ಮ ಹೊಸ ಔಷಧ ತೂಗುಹಾಕಿದರು. ಸಣ್ಣ ಸೀಸೆಯ ಮೇಲಿನ ಚೀಟಿ ಓದಿದೆ. ಕೊಲಿಸ್ಟಿನ್.

ಆಗಲಾದರೂ ಎದ್ದು ಹೇಳಬೇಕಿತ್ತು. ಎದ್ದೆ. ಕಾರಿಡಾರಿನ ತುದಿಯವರೆಗೆ ಹೋದೆ. ವೈದ್ಯೆ ಬೇರೊಬ್ಬರ ಜೊತೆ ಮಾತಾಡುತ್ತಿದ್ದರು. ಅವರು ಇಷ್ಟು ಓದಿದವರು, ನೋಡಿಯೇ ಕೊಟ್ಟಿರುತ್ತಾರೆ, ಕೋಳಿಯ ರೋಗಾಣುವೇ ಅಕ್ಕನಿಗೆ ಬಂದಿದೆ ಎಂದು ಹೇಳಲು ನಾನು ಯಾರು ಎಂದುಕೊಂಡು ವಾಪಸು ಬಂದು ಸ್ಟೂಲಿನ ಮೇಲೆ ಕುಳಿತೆ. ಅಕ್ಕ ಕಣ್ಣು ಬಿಟ್ಟು, “ಎಲ್ಲಿಗೆ ಹೋಗಿದ್ದೆ?” ಎಂದಳು. “ಇಲ್ಲೇ” ಎಂದೆ. ಎರಡು ದಿನ ಆದ ಮೇಲೆ ರಕ್ತ ಪರೀಕ್ಷೆಯ ವರದಿ ಬಂತು. ಔಷಧಗಳ ಉದ್ದನೆಯ ಪಟ್ಟಿ, ಬಹುತೇಕ ಎಲ್ಲದರ ಮುಂದೆ ‘ಬಗ್ಗುವುದಿಲ್ಲ’ ಎಂಬ ಗುರುತು, ಸೀಸೆಯಲ್ಲಿದ್ದದ್ದರ ಮುಂದೆಯೂ. ಔಷಧ ಬದಲಾಯಿಸಿದರು. ಮಾರನೆಯ ಬೆಳಿಗ್ಗೆ ಏಳೂವರೆಗೆ ಅಕ್ಕ ತೀರಿಕೊಂಡಳು.

ವೈದ್ಯೆಯನ್ನು ಒಬ್ಬಳೇ ಹೋಗಿ ಕಂಡೆ. ಕೋಳಿಗೆ ಕೊಟ್ಟ ಔಷಧದ ವಿಷಯ ಮೊದಲೇ ಗೊತ್ತಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. “ಉಳೀತಿದ್ರು ಅಂತ ಹೇಳಕ್ಕಾಗಲ್ಲಮ್ಮ. ಆದ್ರೆ ಬೇರೆ ಔಷಧ ಎರಡು ದಿನ ಮುಂಚೆ ಶುರು ಮಾಡ್ತಿದ್ವಿ” ಎಂದರು. ಆ ಎರಡು ದಿನ ನನ್ನವು, ಮಾನ್ಯರೇ. ಅದರಲ್ಲಿ ತಮ್ಮ ಪಾಲು ಎಷ್ಟು ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ಅಕ್ಕನ ರಕ್ತದಲ್ಲಿ ಸಿಕ್ಕ ರೋಗಾಣು ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಂದು ಕೊಳವೆಯಲ್ಲಿದೆ. ಅಕ್ಕನ ಕೋಳಿಯ ರೋಗಾಣು ನಮ್ಮ ಫ್ರೀಜರಿನ ಮೂರನೇ ಅರೆಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಎಂದು ತಮಗೆ ಮೂರು ಸಲ ಬರೆದೆ. ‘ಮಾನವ ಮಾದರಿಗಳು ಈ ಯೋಜನೆಯ ವ್ಯಾಪ್ತಿಗೆ ಒಳಪಡುವುದಿಲ್ಲ’ ಎಂದು ಉತ್ತರ ಬಂತು. ಆಸ್ಪತ್ರೆಗೆ ಬರೆದರೆ ಪ್ರಾಣಿ ಮಾದರಿಗಳು ಅವರ ವ್ಯಾಪ್ತಿಗೆ ಒಳಪಡುವುದಿಲ್ಲವಂತೆ. ಕೋಳಿಯ ಶೆಡ್ಡಿನಿಂದ ಅಡುಗೆಮನೆಗೆ ಬರುವಾಗ ರೋಗಾಣು ಯಾರ ವ್ಯಾಪ್ತಿಯಲ್ಲಿತ್ತು, ಯಾರ ಅನುಮತಿ ಪಡೆದು ಹೊಸ್ತಿಲು ದಾಟಿತು ಎಂದು ತಾವಿಬ್ಬರೂ ಕೂತು ಒಮ್ಮೆ ತೀರ್ಮಾನಿಸಬಾರದೇ? ಅಕ್ಕ ಕೋಳಿಗೆ ನೀರು ಹಾಕಿದ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಅವಳಿಗೆ ಯಾವ ಇಲಾಖೆಯ ಗಡಿಯೂ ಕಾಣುತ್ತಿರಲಿಲ್ಲ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆಯೇ ಇರಬಹುದು. ಈ ನಿರೋಧದ ಗುಣ ಒಂದು ಸಣ್ಣ ಉಂಗುರದಂಥ ತುಣುಕಿನ ಮೇಲೆ ಕೂತಿರುತ್ತದೆ, ಒಂದು ರೋಗಾಣು ಅದನ್ನು ಬೇರೆ ಜಾತಿಯ ರೋಗಾಣುವಿಗೂ ದಾಟಿಸಬಲ್ಲದು, ಹಾಗಾಗಿ ಉಂಗುರವನ್ನೂ ಹೋಲಿಸಿ ನೋಡಬೇಕು ಎಂದು ಮೇಡಂ ಹೇಳುತ್ತಾರೆ. ಹೋಲಿಸಿದರೆ ನನಗೆ ಬರುವ ಉತ್ತರ ಎರಡರಲ್ಲಿ ಒಂದು. ಒಂದು ಉತ್ತರ ಬಂದರೆ ನಾನು ಅದನ್ನು ಸಾಯುವವರೆಗೆ ಹೊರಬೇಕು. ಇನ್ನೊಂದು ಬಂದರೂ ಕಾರಿಡಾರಿನಿಂದ ವಾಪಸು ಬಂದವಳು ನಾನೇ ಆಗಿರುತ್ತೇನೆ. ಆದರೂ ತಿಳಿಯಬೇಕು. ತಿಳಿಯದೆ ಹನ್ನೊಂದು ತಿಂಗಳು ಕಳೆದಿದ್ದೇನೆ. ಆಸ್ಪತ್ರೆಯವರು ಕೊಳವೆಗಳನ್ನು ಒಂದು ವರ್ಷ ಮಾತ್ರ ಇಡುತ್ತಾರೆ. ಇನ್ನು ಹತ್ತೊಂಬತ್ತು ದಿನ ಉಳಿದಿದೆ.

ಅಕ್ಕ ಹೋದ ಮೇಲೂ ನಾನು ಏಳನೇ ಕಾಲಂನಲ್ಲಿ ಅದನ್ನೇ ಬರೆದೆ. ಹದಿಮೂರು ದಿನ ರಜೆ ಹಾಕಿ, ಹದಿನಾಲ್ಕನೇ ದಿನ ಬಂದು ಕಿಟಕಿ ತೆರೆದೆ. ಮೊದಲು ಬಂದ ಹೆಂಗಸು, “ಪುಡಿ ಕೊಟ್ಟಿದೀನಮ್ಮ” ಎಂದಳು. ನಾನು ತಲೆ ಎತ್ತದೆ ಬರೆದೆ. ಇವತ್ತು ಬೆಳಿಗ್ಗೆ ತಮ್ಮ ಮೂವತ್ತೊಂದನೇ ಪುಟ ಓದುವವರೆಗೂ ಹಾಗೆಯೇ ನಡೆಯಿತು. ನಾನು ಬರೆದದ್ದೆಲ್ಲ ಎಲ್ಲೋ ಒಂದು ಗೋದಾಮಿನಲ್ಲಿ ಧೂಳು ತಿನ್ನುತ್ತಿರುತ್ತದೆ ಎಂದು ನಂಬಿದ್ದೆ. ಯಾರೋ ಅದನ್ನು ಓದಿ, ನಂಬಿ, ಅದರ ಮೇಲೆ ತೀರ್ಮಾನ ಮಾಡುತ್ತಾರೆ ಎಂದು, ನಿಜ ಹೇಳುತ್ತೇನೆ, ನನಗೆ ಹೊಳೆದಿರಲಿಲ್ಲ. ಇನ್ನೊಂದು ವಾರದಲ್ಲಿ ಆ ವಾಕ್ಯ ಪ್ರತಿ ಫೀಡ್ ಅಂಗಡಿಯ ಗೋಡೆಗೂ ಅಂಟುತ್ತದೆ. ‘ನೋಡಿ, ಸರ್ಕಾರವೇ ಹೇಳಿದೆ’ ಎಂದು ಅಂಗಡಿಯವನು ಪ್ಯಾಕೆಟ್ಟು ಕೊಡುತ್ತಾನೆ. ಅವನನ್ನು ನಾನು ಹೇಗೆ ಬೈಯಲಿ?

ಇವತ್ತು ಬಂದ ನಾಲ್ವರಲ್ಲಿ ಮೂವರು ಔಷಧ ಕೊಟ್ಟಿದ್ದರು. ಮೊದಲ ಬಾರಿಗೆ ಅವರು ಹೇಳಿದ್ದನ್ನೇ ಬರೆದೆ. ತಮ್ಮ ನಿಯಮದಂತೆ ಆ ಮೂರೂ ಮಾದರಿಗಳು ಅನರ್ಹದ ಬುಟ್ಟಿಗೆ ಹೋದವು. ಒಬ್ಬಾತ ಕಿಟಕಿಗೆ ಕೈ ಹೊಡೆದು, “ನಿಜ ಹೇಳಿದ್ದಕ್ಕೆ ಶಿಕ್ಷೇನಾ? ಹೋದ ಸಲ ತಗೊಂಡ್ರಲ್ಲ?” ಎಂದು ಕೂಗಾಡಿದ. ಹೋದ ಸಲ ತಗೊಂಡವಳೂ ನಾನೇ. ಏನು ಹೇಳಲಿ? ಅವನಿಗೆ ಕೊಡುವ ಉತ್ತರ ತಮ್ಮ ಬಳಿ ಇದ್ದರೆ ದಯವಿಟ್ಟು ಕೊಡಿ.

ಮಧ್ಯಾಹ್ನ ಭಾವನವರ ಮನೆಗೆ ಹೋದೆ. ಅವರು ಶೆಡ್ಡಿನಲ್ಲಿ ಬಕೆಟ್ಟು ಇಟ್ಟುಕೊಂಡು ನೀರಿಗೆ ಪುಡಿ ಕಲಸುತ್ತಿದ್ದರು. ಅದೇ ಬಿಳಿ ಪ್ಯಾಕೆಟ್ಟು. ಅಕ್ಕ ಮಾಡುತ್ತಿದ್ದ ಹಾಗೆಯೇ, ಕೈಯಿಂದಲೇ. ನಾನು ಎಲ್ಲವನ್ನೂ ಹೇಳಿದೆ. ಫಾರಂ, ಯಂತ್ರದ ಹಾಳೆ, ಸೀಸೆಯ ಮೇಲಿನ ಚೀಟಿ, ಕಾರಿಡಾರು. ಅವರು ಕಲಸುವುದನ್ನು ನಿಲ್ಲಿಸಿದರು.

“ಅವತ್ತು ಡಾಕ್ಟ್ರು ಕೇಳಿದಾಗ ನಾನು ಹೇಳೋಣ ಅಂತಿದ್ದೆ” ಎಂದರು. “ನೀನು ಲ್ಯಾಬಲ್ಲಿ ಇರೋಳು, ಇಲ್ಲ ಅಂತಿದೀಯ ಅಂದ್ರೆ ಅದಕ್ಕೆ ಏನೋ ಕಾರಣ ಇರತ್ತೆ ಅಂತ ಸುಮ್ನಾದೆ.”

ಅವರು ಪ್ಯಾಕೆಟ್ಟಿನ ಬಾಯಿ ಮಡಚಿದರು.

“ಈ ಪುಡೀನ ನಾನು ಈಗ್ಲೂ ಹಾಕ್ತಾನೇ ಇದೀನಲ್ಲ. ಒಂದು ವರ್ಷದಿಂದ ವಾರಕ್ಕೊಂದ್ಸಲ ಬಂದು ಹೋಗ್ತೀಯ. ಈ ಬಕೆಟ್ಟು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?”

ಅವರು ಬಕೆಟ್ಟು ಎತ್ತಿ ಚರಂಡಿಯ ಕಡೆ ಹೊರಟರು. “ಚರಂಡಿಗೆ ಬೇಡ ಭಾವ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತೆ” ಎಂದೆ.

“ಮತ್ತೆಲ್ಲಿ ಸುರೀಲಿ? ನಿಮ್ಮ ಫಾರಂನಲ್ಲಿ ಅದಕ್ಕೊಂದು ಕಾಲಂ ಇದ್ಯಾ?”

ಬಕೆಟ್ಟನ್ನು ಅಲ್ಲೇ ಇಟ್ಟು ತಗಡು ಮುಚ್ಚಿದರು. ಮುಖ ನೋಡದೆ, “ಈಗ ನೀನು ಹೋಗು” ಎಂದರು. ಬಂದೆ. ನಾಲ್ಕು ಗಂಟೆಗೆ ಕೌಂಟರಿನ ಫೋನಿಗೆ ಕರೆ ಮಾಡಿದರು. “ಮಾದರಿ ಹೆಂಗೆ ತೆಗೀಬೇಕು, ಹೇಳು” ಎಂದರು. ಹೇಳಿದೆ. ಕಡ್ಡಿಯನ್ನು ಎಷ್ಟು ತಿರುಗಿಸಬೇಕು, ಐಸ್ ಎಷ್ಟು ಹಾಕಬೇಕು ಎಂದು ಎರಡೆರಡು ಸಲ ಕೇಳಿಸಿಕೊಂಡರು. ಆಸ್ಪತ್ರೆಯ ಕೊಳವೆಗೆ ಮನೆಯವರ ಸಹಿ ಬೇಕಾದರೆ ತಾವು ಹಾಕುವುದಾಗಿ ಹೇಳಿ ಫೋನು ಇಟ್ಟರು.

ಮಾನ್ಯರೇ, ಗುಮಾಸ್ತೆಯನ್ನು ವಜಾ ಮಾಡಿ ಪ್ರಕರಣ ಮುಗಿಸುವುದು ತಮಗೆ ಸುಲಭ. ಮಾಡಿ. ನಾನು ಮೇಲ್ಮನವಿ ಹಾಕುವುದಿಲ್ಲ. ಆದರೆ ಅದಕ್ಕೂ ಮೊದಲು ಆ ಎರಡು ಕೊಳವೆಗಳನ್ನು ಹತ್ತೊಂಬತ್ತು ದಿನದೊಳಗೆ ಒಂದೇ ಯಂತ್ರದಲ್ಲಿ ಓದಿಸಿ, ಬಂದ ಉತ್ತರವನ್ನು ಭಾವನವರಿಗೆ ಕೊಡಿ. ಮೂವತ್ತೊಂದನೇ ಪುಟವನ್ನು ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ಬಳಿ ನಾಲ್ಕು ವರ್ಷದ ದಿನಚರಿ ಇದೆ. ಕೌಂಟರಿಗೆ ಬಂದವರು ಬಾಯಲ್ಲಿ ಹೇಳಿದ್ದನ್ನು ಮನೆಗೆ ಹೋಗಿ ಬರೆದಿಟ್ಟಿದ್ದೇನೆ. ಯಾರೂ ಕೇಳಿರಲಿಲ್ಲ, ಅಭ್ಯಾಸ ಅಷ್ಟೇ. ಹೋದ ತಿಂಗಳು ಎಣಿಸಿದೆ: ಒಂದು ಸಾವಿರದ ಒಂಬೈನೂರ ನಲವತ್ತು ಜನ ಔಷಧ ಕೊಟ್ಟದ್ದನ್ನು ಹೇಳಿದ್ದಾರೆ, ಹೆಚ್ಚಿನವರು ಪುಡಿಯ ಬಣ್ಣವನ್ನೂ ದಿನಗಳನ್ನೂ ಹೇಳಿದ್ದಾರೆ. ಸುಳ್ಳು ಬರೆದ ಕೈಯ ದಿನಚರಿಯನ್ನು ಹಾಗೇ ನಂಬಬೇಡಿ. ಆ ಜನರ ವಿಳಾಸ ತಮ್ಮ ಫಾರಂಗಳಲ್ಲೇ ಇದೆ, ಪಿನ್‌ಕೋಡಿನ ಸಮೇತ. ಮತ್ತೆ ಹೋಗಿ ಕೇಳಿ. ಯಂತ್ರ ಓದಿದ್ದನ್ನೂ ಜನ ಹೇಳಿದ್ದನ್ನೂ ಮತ್ತೆ ಪಕ್ಕಪಕ್ಕ ಇಡಲು ಮೇಡಂ ತಯಾರಿದ್ದಾರೆ. ಇವತ್ತು ಅವರಿಗೂ ಎಲ್ಲವನ್ನೂ ಹೇಳಿದೆ. ನಿನ್ನೆಯವರೆಗೆ ನನ್ನ ಜೊತೆ ನಗುತ್ತಿದ್ದ ಅವರು ಚಹಾ ಲೋಟ ಅಲ್ಲೇ ಇಟ್ಟು ಎದ್ದರು. ಆದರೆ ಹಳೆಯ ನಂಬರುಗಳ ಪಟ್ಟಿ ಕೇಳಿ ಪಡೆದರು.

ಇನ್ನೊಂದು. ಔಷಧ ಕೊಟ್ಟೆ ಎಂದವರ ಮಾದರಿಯನ್ನು ತೆಗೆದುಕೊಳ್ಳಿ. ತಾವು ಹುಡುಕುತ್ತಿರುವುದು ಔಷಧಕ್ಕೆ ಬಗ್ಗದ ರೋಗಾಣುವನ್ನು. ಔಷಧ ತಿಂದ ಕೋಳಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರೆ ಅದು ಎಲ್ಲಿ ಸಿಗಬೇಕು? ಆ ಮಾದರಿಯಲ್ಲಿ ಏನೂ ಬೆಳೆಯದೆ ಹೋದರೆ ರೋಗಾಣು ಬೆಳೆಸುವ ಒಂದು ತಟ್ಟೆ ವ್ಯರ್ಥವಾಗುತ್ತದೆ, ನಿಜ. ಬೆಳೆದರೆ ಅದನ್ನು ಆ ಮನೆಯವರಿಗೆ ತಿಳಿಸಿ. ಏಳನೇ ಕಾಲಂನ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಅಳಿಸಲು ತಮ್ಮ ಒಂದು ಸಹಿ ಸಾಕು.

ಭಾವನವರ ಕೋಳಿಗಳು ಇವತ್ತಿನವರೆಗೆ ಪುಡಿ ತಿಂದಿವೆ. ನಿಯಮದ ಪ್ರಕಾರ ಅವರ ಮಾದರಿ ಅನರ್ಹ. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಕಿಟಕಿ ತೆರೆಯುತ್ತದೆ, ಮೊದಲು ನಿಲ್ಲುವವರು ಭಾವ.

ಇಂತಿ,
ಮಾದರಿ ಸ್ವೀಕೃತಿ ಕೌಂಟರಿನ ಗುಮಾಸ್ತೆ
(ಈ ಪತ್ರ ತಮ್ಮ ಕೈ ಸೇರುವವರೆಗಾದರೂ)